ಕಪ್ತಾನಣ್ಣ ಖೋಲಿ ಬಿಟ್ಟದ್ದು

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದ ಮಾವನ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಮಾವ ಸಿದ್ದಲಿಂಗಪ್ಪ ಸ್ನಾನಕ್ಕೆ ಹೋಗಿದ್ದ. ಅತ್ತೆ ಭಾಮಾಳ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು.

"ನೀನ ತಗೋಳವಾ," ಎಂದಳು ಸೊಸೆಗೆ.

ಸಿಂಧು ಫೋನ್ ತೆಗೆದಳು. ಆ ಕಡೆ ಒಬ್ಬ ಹೆಂಗಸು, ಮರಾಠಿ. ಸಿಂಧು ಮಂಡ್ಯದ ಕಡೆಯವಳು. ಮದುವೆಯಾಗಿ ಪುಣೆಯ ಬಿಬವೇವಾಡಿಯ ಈ ಮನೆಗೆ ಬಂದು ಒಂದೂವರೆ ವರ್ಷವಾಗಿದ್ದರೂ ಅವಳ ಮರಾಠಿ ತರಕಾರಿ ಕೊಳ್ಳುವುದಕ್ಕಷ್ಟೇ ಸಾಲುತ್ತಿತ್ತು. ಮಾತು ಹಿಂದಿಗೆ ಹೊರಳಿತು.

"ನಾನು ಸುಲಭಾ, ದೌಂಡಿನ ವೃದ್ಧಾಶ್ರಮ ನೋಡಿಕೊಳ್ಳುವವಳು. ನೀವು ಶಿವರಾಜರ ಹೆಂಡತಿಯೇ?"

"ಹೌದು."

"ಹಾಗಾದರೆ ನೀವೇ ಶೀತಲ್."

"ಅಲ್ಲ, ನನ್ನ ಹೆಸರು ಸಿಂಧು."

ಆ ಕಡೆಯ ಹೆಂಗಸು ತಡವರಿಸಿದಳು. "ಶೀತಲ್ ಎಂದೇ ಬರೆದುಕೊಟ್ಟಿದ್ದರು. ಇರಲಿ. ಕ್ಯಾಪ್ಟನ್ ಲಿಯಾಂಗ್ ಮಂಗಳವಾರ ತೀರಿಕೊಂಡರು. ತೊಂಬತ್ನಾಲ್ಕು ವರ್ಷ. ಮನೆಯವರ ನಂಬರು ಎಂದು ಇದನ್ನೇ ಬರೆಸಿದ್ದರು. ಮೂರು ನಾಲ್ಕು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಮಣ್ಣು ನಾವೇ ಮಾಡಿದೆವು. ಬರುವ ತಿಂಗಳು ಮೊದಲ ಭಾನುವಾರ ಅವರ ನೆನಪಿಗೆ ಎಲ್ಲರೂ ಸೇರುತ್ತೇವೆ. ಮನೆಯವರು ಯಾರಾದರೂ ಬಂದು ಅವರ ಬಗ್ಗೆ ನಾಲ್ಕು ಮಾತಾಡಬೇಕು. ಹಡಗಿನವರ ಸಂಘದವರೂ ಅವರ ಜೀವನದ ಬಗ್ಗೆ ಎರಡು ಪುಟ ಬರೆದುಕೊಡಿ ಎಂದಿದ್ದಾರೆ. ಶೀತಲ್‌ಗೆ ಕೊಡಬೇಕೆಂದು ಒಂದು ಗಂಟು ಇಟ್ಟು ಹೋಗಿದ್ದಾರೆ. ಸಂಕಪ್ಪ ಎಂಬವರು ಕಣ್ಣಿನ ಆಸ್ಪತ್ರೆಗೆ ಪುಣೆಗೆ ಬರುವವರಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ."

ಮಾವ ತಲೆ ಒರೆಸಿಕೊಳ್ಳುತ್ತ ಬಂದ. ಸಿಂಧು ಹೇಳಿದಳು: "ಮಾವ, ದೌಂಡಿಂದ ಫೋನ್ ಬಂದಿತ್ತು. ಕ್ಯಾಪ್ಟನ್ ಲಿಯಾಂಗ್ ಅನ್ನೋರು ಹೋಗ್ಬಿಟ್ರಂತೆ."

ಭಾಮಾ ರೊಟ್ಟಿ ಬಡಿಯುವ ಸದ್ದು ನಿಂತಿತು. ಸಿದ್ದಲಿಂಗಪ್ಪ ಟವೆಲ್ಲನ್ನು ತಲೆಯ ಮೇಲೆಯೇ ಬಿಟ್ಟು ನಿಂತ.

"ಯಾರು ಮಾವ ಅವ್ರು?"

"ಹಳೇ ಬಾಡಿಗಿಯವ್ರು. ಮ್ಯಾಲಿನ ಖೋಲ್ಯಾಗ ಇದ್ರು."

"ನಮ್ ರೂಮಲ್ಲಾ? ಎಷ್ಟ್ ದಿನ?"

"ಇದ್ರು, ಸ್ವಲ್ಪ ದಿನ."

ಬಾಗಿಲ ಪಕ್ಕ ಗೋಣಿತಟ್ಟಿನ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ಸಿದ್ದಲಿಂಗಪ್ಪನ ತಾಯಿ ಪಾರವ್ವ. ಎಂಬತ್ನಾಲ್ಕು ವರ್ಷ. ಅವಳು ತಲೆ ಎತ್ತದೆ ಹೇಳಿದಳು: "ಇಪ್ಪತ್ತೊಂದು ವರ್ಷ. ಇಪ್ಪತ್ತೊಂದು ವರ್ಷಕ್ಕ ನಿಮ್ಮ ಮಾವ ಸ್ವಲ್ಪ ದಿನ ಅಂತಾನ. ಸತ್ನಂತೇನು ಕಪ್ತಾನಣ್ಣ?"

"ಹೌದಂತೆ ಅಜ್ಜಿ."

"ಹೇಳದ ಹೋದ, ಹೇಳದ ಸತ್ತ. ನನ್ನ ಮುಂದ ಅವನ ಹೆಸರು ತೆಗೀಬ್ಯಾಡ್ರಿ."

ತೊಟ್ಟು ಮುರಿಯುವುದನ್ನು ಅವಳು ನಿಲ್ಲಿಸಲಿಲ್ಲ. ಆದರೆ ಮಧ್ಯಾಹ್ನ ಹೊಟ್ಟೆ ಸರಿಯಿಲ್ಲವೆಂದು ಊಟ ಬಿಟ್ಟಳು.

ಶೀತಲ್ ಯಾರೆಂದು ಸಿಂಧು ಗಂಡನನ್ನು ಎರಡು ಸಲ ಕೇಳಿದಳು. ಮೊದಲನೇ ಸಲ ಶಿವರಾಜ ಮೊಬೈಲಿನಿಂದ ಕಣ್ಣು ತೆಗೆಯದೆ, "ಮುದುಕರು, ಏನೋ ಕನ್ಫ್ಯೂಸ್ ಆಗಿರ್ತಾರ," ಎಂದ. ಎರಡನೇ ಸಲ ಸಿಡಿದ: "ಸತ್ತವರ ವಿಷಯ ಎಷ್ಟು ಸಲ ಕೇಳ್ತಿ?"

"ನನ್ನ ಗಂಡನ ಹೆಂಡತಿ ಅಂತ ಬೇರೆ ಯಾರ್ದೋ ಹೆಸರು ಹೇಳಿದ್ರೆ ನಾನ್ ಕೇಳ್ಬಾರ್ದಾ?"

ಅವನು ದಿಂಬು ಎತ್ತಿಕೊಂಡು ಟೆರೇಸಿಗೆ ಹೋದ.

ಗುರುವಾರ ಮಧ್ಯಾಹ್ನ ಸಂಕಪ್ಪ ಬಂದ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು, ಸೊಲ್ಲಾಪುರದ ಕಡೆಯವನು, ಒಂದು ಕಣ್ಣಿಗೆ ಹಸಿರು ಪಟ್ಟಿ. ಆ ದಿನ ಸಿಂಧುವಿಗೆ ವಿಮಾನ ನಗರದ ಆಫೀಸಿಗೆ ಹೋಗುವುದಿರಲಿಲ್ಲ, ಮನೆಯಿಂದಲೇ ಕೆಲಸ. ಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಸಂಕಪ್ಪ ಕೇಳಿದ:

"ಶೀತಲವ್ವ ಯಾರು ನಿಮ್ಮೊಳಗ?"

"ನೀರು ತರ್ತೀನ್ರಿ," ಎಂದು ಭಾಮಾ ಒಳಗೆ ಹೋದವಳು ಹೊರಗೆ ಬರಲಿಲ್ಲ.

"ಶಿವರಾಜ್ ಹೆಂಡ್ತಿ ನಾನೇ. ಸಿಂಧು ಅಂತ."

"ಹೌದೇನು? ಕಪ್ತಾನರು ಹೆಸರು ಮರೆಯೋ ಮನುಷ್ಯ ಅಲ್ಲರಿ. ಯಾವ ವರ್ಷ ಯಾವ ಬಂದರದಾಗ ಯಾವ ಮಾಲು ಇಳಿಸಿದ್ರು ಅಂತ ಬಾಯಿಪಾಠ ಹೇಳ್ತಿದ್ರು. ಇರ್ಲಿ, ತಗೋಳವಾ. ಅವರ ಹೆಂಡ್ತಿ ಮದುವಿ ಸೀರಿ ಇದು. ಶಿವರಾಜನ ಹೆಂಡ್ತಿಗಿ ಮುಟ್ಟಸಬೇಕು ಅಂತ ಸಾಯೋ ಮುಂಚಿನ ದಿನಾನೂ ಹೇಳಿದ್ರು."

ಗಂಟಿನೊಳಗೆ ಹಸಿರು ಪೈಠಣಿ ಸೀರೆ ಇತ್ತು, ಮಡಿಕೆಗಳ ನಡುವೆ ಬೇವಿನೆಲೆ ಒಣಗಿ ಪುಡಿಯಾಗಿತ್ತು. ಪಾರವ್ವ ಅದನ್ನೇ ನೋಡುತ್ತಿದ್ದಳು.

"ನಮ್ಮ ಮದ್ವೆ ಅವ್ರಿಗೆ ಹೇಗ್ ಗೊತ್ತಿತ್ತು?" ಎಂದಳು ಸಿಂಧು.

"ಗೊತ್ತಿರದ ಏನವಾ! ಮದುವಿ ಸಲುವಾಗೇ ಅಲ್ಲೇನು ಅವ್ರು ಖೋಲಿ ಬಿಟ್ಟಿದ್ದು? ಬಂದ ದಿನಾನ ಎಲ್ಲರಿಗೂ ಹೇಳಿದ್ರು, ನಮ್ಮ ಹುಡುಗನ ಮದುವಿ ಗೊತ್ತಾಗ್ಯದ, ಹುಡುಗಿ ಹೆಸರು ಶೀತಲ್, ಹೊಸ ಜೋಡಿಗಿ ಖೋಲಿ ಬೇಕು, ಅದಕ್ಕ ಬಂದೀನಿ ಅಂತ. ವರ್ಷಾ ತುಳಸಿ ಲಗ್ನ ಆಗಿ ಮದುವಿ ಹಂಗಾಮ ಸುರು ಆತು ಅಂದ್ರ ಕೋಟು ಇಸ್ತ್ರಿಗೆ ಕೊಡೋರು. ಕರಿ ಬಂದ್ರ ತಯಾರಿರಬೇಕು ಅನ್ನೋರು. ಫೋನ್ ಮಾಡೋರು, ನೀವು ಗದ್ದಲದಾಗ ಇರ್ತಿದ್ರಿ, ಎತ್ತತಿದ್ದಿಲ್ಲ."

"ಯಾವ ವರ್ಷ ಬಂದ ಅಂವ ನಿಮ್ಮಲ್ಲಿ?" ಎಂದಳು ಪಾರವ್ವ.

"ಲಾಕ್‌ಡೌನ್ ವರ್ಷರಿ. ಜುಲೈ ತಿಂಗಳು."

"ಆ ವರ್ಷ ನಮ್ಮ ಮನ್ಯಾಗ ಯಾರ ಮದುವೀನೂ ಗೊತ್ತಾಗಿದ್ದಿಲ್ಲ."

ಸಂಕಪ್ಪ ಒಂಟಿಗಣ್ಣಿನಿಂದ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ಸಿದ್ದಲಿಂಗಪ್ಪ ತನ್ನ ಮೆಣಸಿನಕಾಯಿ ಅಂಗಡಿಯಿಂದ ಊಟಕ್ಕೆ ಬಂದಿದ್ದ.

"ಸಿದ್ದಲಿಂಗ," ಎಂದಳು ಪಾರವ್ವ, "ಕಪ್ತಾನಣ್ಣ ಯಾರೋ ಸಂಬಂಧಿಕರ ಕಡೆ ತಾನ ಹೋದ ಅಂತ ನೀ ನನಗ ಹೇಳಿದ್ದಿ."

ಅವನು ಸಂಕಪ್ಪನನ್ನು ನೋಡಿದ, ಸೀರೆಯನ್ನು ನೋಡಿದ. "ಅವ್ವಾ, ಮೊದಲ ಊಟ ಆಗ್ಲಿ. ಆಮ್ಯಾಗ ಕುಂತು ಮಾತಾಡೂಣು."

"ಊಟ ಆಗೂದಿಲ್ಲ. ಹೇಳು."

"ನನ್ನ ಗಾಡಿ ಹೊತ್ತಾತ್ರಿ," ಎಂದು ಸಂಕಪ್ಪ ಎದ್ದ. ಚಹಾ ಇನ್ನೂ ಬಂದಿರಲಿಲ್ಲ. ಯಾರೂ ಅವನಿಗೆ ಕೂಡ್ರಿ ಎನ್ನಲಿಲ್ಲ.

ಸಿದ್ದಲಿಂಗಪ್ಪ ಹೇಳಿದ್ದು ತುಂಡು ತುಂಡಾಗಿ. ಆ ವರ್ಷ ಮಾರ್ಚಿನಲ್ಲಿ ಪಾರವ್ವ ಇಂಡಿ ಕಡೆಯ ತಮ್ಮನ ಊರಿಗೆ ಹೋದವಳು ಲಾಕ್‌ಡೌನಿನಲ್ಲಿ ಅಲ್ಲಿಯೇ ಸಿಕ್ಕಿಕೊಂಡು ಸೆಪ್ಟೆಂಬರಿಗೆ ಬಂದಳು. ನಡುವೆ ಜೂನಿನಲ್ಲಿ ಗಡಿಯಲ್ಲಿ ಚೀನಾದವರ ಜೊತೆ ಹೊಡೆದಾಟವಾಗಿ ಟಿವಿ ತುಂಬ ಅದೇ ಸುದ್ದಿ. ಮೂರನೇ ಮನೆಯ ಬಾಳಕೃಷ್ಣ, ಓಣಿಯ ಗಣಪತಿ ಮಂಡಳದ ಮುಖಂಡ, ಅಂಗಡಿಗೆ ಬಂದು ಹೇಳಿದ: ಚೀನೀ ಮನುಷ್ಯನಿಗೆ ಮನೆ ಕೊಟ್ಟಿದ್ದೀರಿ, ಜನ ಮಾತಾಡುತ್ತಿದ್ದಾರೆ, ನಾಳೆ ಯಾರಾದರೂ ಕಲ್ಲು ಒಗೆದರೆ ನಮ್ಮನ್ನು ಕೇಳಬೇಡಿ. ಆ ವಾರ ನಾಲ್ಕಾರು ಗಿರಾಕಿಗಳು ಅಂಗಡಿಯ ಮುಂದಿನಿಂದ ಹಾಗೆಯೇ ದಾಟಿಹೋದರು.

"ಕಲ್ಲು ಒಗದ್ರೇನು?" ಎಂದಳು ಪಾರವ್ವ.

"ಇಲ್ಲ."

"ಒಬ್ಬರರ ಒಗದ್ರೇನು?"

"ಇಲ್ಲ ಅವ್ವಾ."

"ಹಂಗಾರ ಹೊರಗ ಹೋಗು ಅಂತ ನೀ ಹೆಂಗಂದಿ ಅವಗ? ಯಾವ ಬಾಯಿಲೆ ಅಂದಿ?"

ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಭಾಮಾ ಹೇಳಿದಳು: "ಅವ್ರು ಅಂದಿಲ್ಲರಿ ಅತ್ತಿ. ನನಗ ಕಳಿಸಿದ್ರು. ತಾವು ಅಂಗಡ್ಯಾಗ ಕುಂತ್ರು. ಶಿವರಾಜನ ಮದುವಿ ಅದ, ಖೋಲಿ ಬೇಕ್ರಿ ಅಂತ ನಾ ಹೋಗಿ ಅಂದೆ. ಕಪ್ತಾನರು ಕುರ್ಚಿ ಬಿಟ್ಟು ಎದ್ದು ನಿಂತು ಎರಡೂ ಕೈಲೆ ನನ್ನ ಕೈ ಹಿಡಕೊಂಡು ಖುಷಿ ಪಟ್ರು. ಸಕ್ಕರಿ ಡಬ್ಬಿ ತೆರದು ನನ್ನ ಬಾಯಾಗ ಸಕ್ಕರಿ ಹಾಕಿದ್ರು."

"ನುಂಗಿದಿ?"

"ನುಂಗಿದೆ."

ಸಂಜೆ ಶಿವರಾಜ ಆಫೀಸಿನಿಂದ ಬಂದಾಗ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಸಿಂಧು ಮೆಟ್ಟಿಲ ಮೇಲೆಯೇ ಅವನನ್ನು ತಡೆದಳು. "ಎಲ್ಲಾ ಗೊತ್ತಾಯ್ತು. ಶೀತಲ್ ಮಾತ್ರ ಗೊತ್ತಾಗ್ಲಿಲ್ಲ."

ಅವನು ಬ್ಯಾಗು ಕೆಳಗಿಟ್ಟ. "ಅವರ ಟ್ರಂಕು ಕಾರಿನ್ಯಾಗ ಇಟ್ಟವ ನಾನ. ಕೂತಮ್ಯಾಲ ಹುಡುಗಿ ಹೆಸರೇನು ಅಂತ ಕೇಳಿದ್ರು. ಟಿವಿ ಸೀರಿಯಲ್ಲಿನ್ಯಾಗಿಂದು ಒಂದು ಹೆಸರು ಬಾಯಿಗೆ ಬಂತು, ಹೇಳಿಬಿಟ್ಟೆ. ಎಲ್ಲಿಯವಳು ಅಂದ್ರು, ಕಲಬುರ್ಗಿ ಅಂದೆ. ಚಲೋ ಊರು ಅಂದ್ರು."

"ನಮ್ಮ ನಿಜವಾದ ಮದ್ವೆಗಾದ್ರೂ ಕರೀಬಹುದಿತ್ತಲ್ವಾ?"

"ಹೆಂಗ ಕರೀಲಿ? ಶೀತಲ್ ಎಲ್ಲಿ ಅಂದ್ರ ಏನು ಹೇಳ್ಲಿ?"

ಒಳಗೆ ಪಾರವ್ವ ಇದನ್ನು ಕೇಳಿಸಿಕೊಳ್ಳುತ್ತಿದ್ದಳು. ತನ್ನಷ್ಟಕ್ಕೆ ಎಂಬಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಂಗಡಿ ಫೋನಿಗಿ ಮಾಡಿದ್ದ ಒಮ್ಮೆ. ಮೂರು ವರ್ಷ ಆತು. ನಾನ ಎತ್ತಿದೆ. 'ತಂಗೀ' ಅಂದ. ಹೇಳದ ಹೋದವನ ಜೋಡಿ ನನಗೇನು ಮಾತದ ಅಂತ ಬೈದು ಇಟ್ಟುಬಿಟ್ಟೆ. ನನ್ನ ಕೈಲೆ ಇಡಿಸಿದ್ರಿ ನೀವು."

ಮರುದಿನದಿಂದ ಪಾರವ್ವನ ಅಡುಗೆ ಬೇರೆಯಾಯಿತು. ಹಿತ್ತಿಲಲ್ಲಿ ಸಣ್ಣ ಗ್ಯಾಸ್ ಇಟ್ಟುಕೊಂಡು ದಿನಕ್ಕೆರಡು ರೊಟ್ಟಿ ತಾನೇ ಬಡಿದುಕೊಂಡಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಭಾಮಾ ಪಲ್ಯ ತಂದಿಟ್ಟರೆ ಮುಟ್ಟುತ್ತಿರಲಿಲ್ಲ. ಸಿದ್ದಲಿಂಗಪ್ಪ ಮೋಸಂಬಿ ತಂದು ಅವಳ ಪಕ್ಕ ಇಟ್ಟ. ಅವಳು ಅದನ್ನು ಭಾಂಡಿ ತಿಕ್ಕುವವಳ ಚೀಲಕ್ಕೆ ಹಾಕಿದಳು. ಮಗನ ಜೊತೆ ಮಾತು ನಿಂತಿತು. ಅವನೂ ತಾಟಿನ ಮೇಲೆ ತಲೆ ಬಗ್ಗಿಸಿ ಉಂಡು, ಎರಡನೇ ಸಲ ಏನನ್ನೂ ಕೇಳದೆ, ಬೇಗ ಬೇಗ ಅಂಗಡಿಗೆ ಹೋಗುತ್ತಿದ್ದ. ಗಂಡಹೆಂಡಿರ ನಡುವೆಯೂ ದಿನಾ ಏನಾದರೊಂದು.

"ಎಲ್ಲಾರ ಮುಂದ ನನ್ನ ಹೆಸರು ಹೇಳಿದಿ," ಎನ್ನುತ್ತಿದ್ದ ಸಿದ್ದಲಿಂಗಪ್ಪ.

"ಮತ್ಯಾರ ಹೆಸರು ಹೇಳಬೇಕಿತ್ರಿ? ನೀವ ಹೋಗಿ ಅಂದಿದ್ರ ಆ ಸಕ್ಕರಿ ನಿಮ್ಮ ಬಾಯಾಗ ಬೀಳ್ತಿತ್ತು," ಎನ್ನುತ್ತಿದ್ದಳು ಭಾಮಾ.

ಎರಡು ಪುಟ ಬರೆಯುವ ಕೆಲಸ ಸಿಂಧುವಿನ ತಲೆಗೆ ಬಂತು. ಬೇರೆ ಯಾರೂ ಬರೆಯುವವರಿರಲಿಲ್ಲ. ಮಾಹಿತಿ ಕೊಡುವವಳು ಪಾರವ್ವ ಒಬ್ಬಳೇ. ಆಫೀಸು ಮುಗಿಸಿ ಸಿಂಧು ಹಿತ್ತಿಲ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ಮುದುಕಿ ಹಿಟ್ಟು ನಾದುತ್ತ ಹೇಳುತ್ತಿದ್ದಳು.

"ಹುಟ್ಟಿದ್ದು ಕಲಕತ್ತಾದಾಗ. ಅವರಪ್ಪ ಹಡಗಿನ ಬಡಗಿ, ಚೀನಾದಿಂದ ಬಂದಂವ. ಇಂವ ಹದಿನೈದು ವರ್ಷದಂವ ಹಡಗು ಹತ್ತಿದ. ಮೊದಲ ಅಡಗಿ ಮನ್ಯಾಗ ಗಡ್ಡಿ ಸುಲಿಯೂದು, ಆಮ್ಯಾಗ ಹಡಗಿನ ಕಬ್ಬಿಣಕ್ಕ ಹಿಡದ ಜಂಗು ಕೆರೆಯೂದು. ಹಂಗ ಓದಿ ಓದಿ ಪರೀಕ್ಷಾ ಪಾಸ್ ಮಾಡಿ ಸಾಹೇಬ ಆದ."

"ಗಡ್ಡಿ ಅಂದ್ರೆ?"

"ಉಳ್ಳಾಗಡ್ಡಿ, ಬಟಾಟಿ. ನಿಮ್ಮ ಕಡೆ ಏನಂತೀರೋ. ಅರವತ್ತೆರಡರಾಗ ಯುದ್ಧ ಆತಲ್ಲ, ಆವಾಗ ಇಂವ ಆಸ್ಟ್ರೇಲಿಯಾದಿಂದ ಗೋಧಿ ತರಾಕತ್ತಿದ್ದ. ನಮ್ಮ ದೇಶಕ್ಕ ಗೋಧಿ. ಮುಂಬೈಗಿ ಬಂದು ಇಳೀತಾನ, ಕಲಕತ್ತಾದಾಗ ಅಪ್ಪ ಅವ್ವನ್ನ ಪೊಲೀಸರು ಹಿಡಕೊಂಡು ಹೋಗ್ಯಾರ. ಚೀನಾದವ್ರು ಅಂತ. ರಾಜಸ್ಥಾನದಾಗ ಒಂದು ಕ್ಯಾಂಪಿನ್ಯಾಗ ಇಟ್ರು. ಆಮ್ಯಾಗ ಮದ್ರಾಸಿಂದ ಹಡಗಿನ್ಯಾಗ ಚೀನಾಕ ಕಳಿಸಿದ್ರು. ಅವರವ್ವ ಚೀನಾ ಕಂಡಾಕಿನೂ ಅಲ್ಲ, ಕಲಕತ್ತಾದಾಗ ಹುಟ್ಟಿದಾಕಿ. ಮತ್ತ ಅವರ ಮಾರಿ ನೋಡ್ಲಿಲ್ಲ ಇಂವ. ಜಗತ್ತು ತುಂಬ ಹಡಗು ನಡಿಸಿದಂವಗ ನಮ್ಮವ್ವನ ಒಯ್ದ ಹಡಗು ಯಾವುದು ಅಂತ ಗೊತ್ತಾಗ್ಲಿಲ್ಲ ಅಂತಿದ್ದ."

ಸಿಂಧು ಬೆರಳಾಡಿಸುವುದನ್ನು ನಿಲ್ಲಿಸಿದಳು. "ಇದೆಲ್ಲಾ ಮನೇಲಿ ಎಲ್ರಿಗೂ ಗೊತ್ತಿತ್ತಾ ಅಜ್ಜಿ?"

"ಗೊತ್ತಿರದ? ನಿಮ್ಮ ಮಾವ ಉಣ್ಣಾಕ ಕುಂತಾಗೆಲ್ಲ ಅವನ್ನ ಕರದು ಪಕ್ಕಕ್ಕ ಕುಂದರಿಸಿಕೊಂಡು ಕೇಳಿಸಿಕೊಂಡಾನ."

ಹಾಗೆ ದಿನ ದಿನ ಪುಟ ಬೆಳೆಯಿತು. ಆ ಯುದ್ಧದ ಮೇಲೆ ನಮ್ಮ ದೇಶದ ಹಡಗುಗಳಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಪರದೇಶಗಳ ಹಡಗು ಹತ್ತಿ ನಲವತ್ತೊಂದನೇ ವಯಸ್ಸಿಗೆ ಕ್ಯಾಪ್ಟನ್ ಆದರು. ಓಮಾನಿನ ಹತ್ತಿರ ಬಿರುಗಾಳಿಯಲ್ಲಿ ಮುಳುಗುತ್ತಿದ್ದ ಗುಜರಾತಿನ ದೋಣಿಯೊಂದರಿಂದ ಹನ್ನೊಂದು ಜನರನ್ನು ತಮ್ಮ ಹಡಗಿಗೆ ಎತ್ತಿಕೊಂಡರು. ಮಾಲು ಮುಟ್ಟಿಸುವುದು ಎರಡು ದಿನ ತಡವಾಯಿತೆಂದು ಮಾಲೀಕರಿಂದ ಬೈಸಿಕೊಂಡರು. ಮುಂಬೈಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಪುಣೆಯ ಹೆಂಗಸನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಅರವತ್ತಕ್ಕೆ ಸಮುದ್ರ ಬಿಟ್ಟು ಹೆಂಡತಿಯ ಊರಿಗೆ ಬಂದರು. ಅವಳು ತೀರಿಕೊಂಡ ಮರುವರ್ಷ ಬಿಬವೇವಾಡಿಯ ಈ ಮೇಲಿನ ಖೋಲಿಗೆ ಬಂದರು. ದಿನಾ ಬೆಳಿಗ್ಗೆ ಐದಕ್ಕೆ ಹಡಗಿನ ಡೆಕ್ಕಿನ ಹಾಗೆ ಮೆಟ್ಟಿಲು ತೊಳೆಯುವುದು. ಮೇಲಿನಿಂದ ಕೆಳಗೆ ಬಂದು ಪಾರವ್ವನ ಜೊತೆ ತೊಗರಿಬೇಳೆ ಆರಿಸುವುದು. ನಾಗರಪಂಚಮಿಗೆ ಅವಳು ಕೊಟ್ಟ ಉಂಡಿ ತಿಂದು ತಂಗಿಗೆಂದು ಒಂದು ಕುಬಸದ ಬಟ್ಟೆ ತರುವುದು. ಶಿವರಾಜನಿಗೆ ಹತ್ತನೆಯ ತರಗತಿಯ ಗಣಿತ ಹೇಳಿಕೊಟ್ಟವರೂ ಅವರೇ.

ಕೊನೆಯ ಪ್ಯಾರಾ ಉಳಿಯಿತು. ಶನಿವಾರ ಊಟದ ಹೊತ್ತಿಗೆ ಸಿಂಧು ಮಾವನನ್ನು ಕೇಳಿದಳು: "ಎರಡು ಸಾವಿರದ ಇಪ್ಪತ್ತರಲ್ಲಿ ಏನಾಯ್ತು ಅಂತ ಬರೀಲಿ ಮಾವ?"

ಸಿದ್ದಲಿಂಗಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡ. "ವಯಸ್ಸಾದ ಮ್ಯಾಲ ವಿಶ್ರಾಂತಿಗಿ ದೌಂಡಕ್ಕ ಹೋದ್ರು ಅಂತ ಬರಿ."

"ನಾನ್ ಹಾಗೆ ಬರೆಯಲ್ಲ."

"ಮನಿ ಮರ್ಯಾದಿ ಅನ್ನೂದು ಒಂದದವಾ."

"ಜಾಗ ಖಾಲಿ ಬಿಟ್ಟಿರ್ತೀನಿ. ಅಲ್ಲಿವರೆಗೂ ಓದ್ತೀನಿ. ಮುಂದೆ ನೀವೇ ಹೇಳಿ."

"ಸೊಸೆ ಆದಾಕಿ ಹಿಂಗ ಮಾತಾಡೂದೇನು?" ಎಂದು ಶಿವರಾಜನ ಕಡೆ ನೋಡಿದ. ಶಿವರಾಜ ಮಜ್ಜಿಗೆಯ ಲೋಟವನ್ನು ತುಟಿಗಿಟ್ಟುಕೊಂಡ. ಸಿದ್ದಲಿಂಗಪ್ಪ ಕೈ ತೊಳೆದುಕೊಂಡ. ತಾಟಿನಲ್ಲಿ ಅನ್ನ ಹಾಗೇ ಇತ್ತು.

ಭಾನುವಾರ ಐದೂ ಜನ ಬೆಳಗಿನ ರೈಲಿಗೆ ದೌಂಡಕ್ಕೆ ಹೋದರು. ಪಾರವ್ವ ಕಿಟಕಿಯ ಪಕ್ಕ ಕೂತು ಕಬ್ಬಿನ ಹೊಲಗಳನ್ನು ನೋಡುತ್ತಿದ್ದಳು. ಎದುರಿಗೆ ಕೂತ ಮಗನನ್ನು ನೋಡಲಿಲ್ಲ.

ಆಶ್ರಮದ ಹಾಲಿನಲ್ಲಿ ಮೂವತ್ತು ಮುದುಕ ಮುದುಕಿಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಮೇಜಿನ ಮೇಲೆ ಕ್ಯಾಪ್ಟನ್ನರ ಫೋಟೊ, ಚೆಂಡುಹೂವಿನ ಮಾಲೆ. ಇವರು ಒಳಗೆ ಬಂದ ಕೂಡಲೇ ಸದ್ದು ಎದ್ದಿತು: "ಪುಣೆಯವರು ಬಂದ್ರು, ಕ್ಯಾಪ್ಟನ್ನರ ಮನೆಯವರು." ಸುಲಭಾ ಅವರನ್ನು ಮೊದಲನೆಯ ಸಾಲಿನಲ್ಲಿ ಕೂರಿಸಿದಳು. ಒಬ್ಬ ಮುದುಕ ಎದ್ದು ಫ್ಯಾನಿನ ಕೆಳಗಿನ ತನ್ನ ಜಾಗವನ್ನು ಪಾರವ್ವನಿಗೆ ಬಿಟ್ಟುಕೊಟ್ಟ. ಸಂಕಪ್ಪ ದೂರದ ಗೋಡೆಗೆ ಒರಗಿ ನಿಂತಿದ್ದ. ಅವನು ಯಾರಿಗೂ ಏನೂ ಹೇಳಿರಲಿಲ್ಲ.

ಚಂದಮ್ಮ ಎಂಬ ಮುದುಕಿ, ಅಕ್ಕಲಕೋಟೆಯ ಕಡೆಯವಳು, ಸಿಂಧುವಿನ ಕೈ ಹಿಡಿದು ಸವರಿದಳು. "ಶೀತಲ್ ಅಲ್ಲೇನ ನೀ? ಕಪ್ತಾನ ದಿನಾ ನಿಮ್ಮ ಸುದ್ದಿ ಹೇಳಾಂವ. ಮದುವಿ ಯಾವಾಗ ಆತವಾ?"

"ಹೋದ ವರ್ಷ ಫೆಬ್ರವರಿಯಲ್ಲಿ."

"ಹೋದ ವರ್ಷ?" ಮುದುಕಿ ಲೆಕ್ಕ ಹಾಕಿದಳು. "ಹೋದ ವರ್ಷ ಅಂವ ಚಲೋ ಇದ್ದನಲ್ಲ. ಅಡ್ಡಾಡತಿದ್ದ. ಯಾಕ ಕರೀಲಿಲ್ಲ?"

ಸಿದ್ದಲಿಂಗಪ್ಪ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

ಸಿಂಧು ಎದ್ದು ಓದಿದಳು. ಹಿಂದಿಯಲ್ಲಿ ಬರೆದಿದ್ದಳು, ಮೆಲ್ಲಗೆ ಓದಿದಳು. ಗುಜರಾತಿನ ದೋಣಿಯವರ ಮಾತು ಬಂದಾಗ ಒಂದಿಬ್ಬರು ಚಪ್ಪಾಳೆ ತಟ್ಟಿದರು. ಬೇಳೆ ಆರಿಸುವುದು ಬಂದಾಗ ನಕ್ಕರು. ಇಲ್ಲಿಯೂ ಅದನ್ನೇ ಮಾಡುತ್ತಿದ್ದರಂತೆ. ಕೊನೆಗೆ ಅವಳು ಓದಿದಳು: "ಎರಡು ಸಾವಿರದ ಇಪ್ಪತ್ತನೇ ಇಸವಿ ಜುಲೈ ತಿಂಗಳಲ್ಲಿ ಅವರು ಆ ಖೋಲಿ ಬಿಟ್ಟರು. ನನ್ನ ಹೆಸರು ಸಿಂಧು. ಶೀತಲ್ ಎಂಬವಳು ಯಾರೂ ಇಲ್ಲ." ಕಾಗದ ಮಡಚಿ ಕೂತಳು.

ಸುಲಭಾ ಸಿದ್ದಲಿಂಗಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಭಾಮಾ ಎದ್ದಳು, ಸೆರಗು ಹೊದ್ದುಕೊಂಡು ಮರಾಠಿಯಲ್ಲಿ, "ಖೋಲಿ ಬಿಡಿ ಅಂತ ಹೇಳಿದವಳು ನಾನು..." ಎಂದು ಶುರುಮಾಡಿದಳು. ಅಷ್ಟರಲ್ಲಿ ಸಿದ್ದಲಿಂಗಪ್ಪ ಎದ್ದು ಅವಳ ತೋಳು ಹಿಡಿದು ಕೂರಿಸಿದ.

"ಇವಳನ್ನು ಕಳಿಸಿದವನು ನಾನು," ಎಂದ. ಮರಾಠಿಯಲ್ಲಿಯೇ ಮುಂದೆ ಹೇಳಿದ. "ಮದುವೆ ಇರಲಿಲ್ಲ. ಸುಳ್ಳು ಹೇಳಿದೆವು. ಓಣಿಯ ಜನ ಚೀನೀ ಮನುಷ್ಯ ಎಂದರು. ನನಗೆ ಅಂಜಿಕೆಯಾಯಿತು. ಇಪ್ಪತ್ತೊಂದು ವರ್ಷ ನಮ್ಮ ಮನೆಯಲ್ಲಿ ಉಂಡವರು, ಎಂಬತ್ತೊಂಬತ್ತು ವಯಸ್ಸಿನವರು. ಮಳೆಗಾಲದಲ್ಲಿ ಹೊರಗೆ ಹಾಕಿದೆ. ಅವರು ಹೋಗುವ ದಿನ ನಾನು ಅಂಗಡಿಯಿಂದ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮದುವೆಯಾದಾಗಲೂ ಕರೆಯಲಿಲ್ಲ." ಇಷ್ಟು ಹೇಳಿ ಕೂತ.

ಶಿವರಾಜ ಕೂತಲ್ಲಿಂದಲೇ, "ಶೀತಲ್ ಅಂತ ಹೆಸರು ಹೇಳಿದವನು ನಾನು," ಎಂದ. ಅದು ಹಿಂದಿನ ಸಾಲಿಗೆ ಕೇಳಿಸಿತೋ ಇಲ್ಲವೋ.

ಯಾರೂ ಬೈಯಲಿಲ್ಲ. 'ಹೋಗಲಿ ಬಿಡಿ' ಎಂದೂ ಯಾರೂ ಅನ್ನಲಿಲ್ಲ. ಚಂದಮ್ಮ ಸಿಂಧುವಿನ ಕೈಯನ್ನು ಬಿಟ್ಟು ತನ್ನ ಕೈ ಮಡಿಲಲ್ಲಿಟ್ಟುಕೊಂಡಳು. ಜಾಗ ಬಿಟ್ಟುಕೊಟ್ಟಿದ್ದ ಮುದುಕ ಕೋಲೂರಿಕೊಂಡು ಹೊರಗೆ ಹೋದ. ಸುಲಭಾ ಎದ್ದು, "ಎಲ್ಲರೂ ಊಟಕ್ಕೆ ಬನ್ನಿ," ಎಂದಳು.

ಊಟಕ್ಕೆ ಕೂತಾಗ ಇವರ ಎಡಬಲದ ಜಾಗ ಖಾಲಿಯಿತ್ತು. ಬಡಿಸುವವರು ಎಲ್ಲರಂತೆ ಇವರಿಗೂ ಬಡಿಸಿದರು. ಪಾರವ್ವ ತಾಟು ಮುಟ್ಟದೆ ಕೂತಿದ್ದಳು. ಸಂಕಪ್ಪ ಬಂದು ಅವಳೆದುರು ಕುರ್ಚಿ ಎಳೆದುಕೊಂಡ.

"ಉಣ್ರಿ ಅವ್ವಾರ. ನೀವೇನು ಮಾಡೀರಿ?"

"ಅವನ ಫೋನು ಇಟ್ಟಾಕಿ ನಾ."

"ಆ ದಿನ ನಾ ಇದ್ದೆ. ಆಫೀಸ್ ಖೋಲಿಯಿಂದ ನಕ್ಕೋತ ಬಂದ್ರು. ತಂಗಿ ದನಿ ಕೇಳಿದೆ, ಇನ್ನೂ ಗಟ್ಟಿ ಅದಾಳ, ಮೊದಲಿನ ಹಂಗ ಬೈದ್ಲು ಅಂದ್ರು. ಎರಡು ದಿನ ಅದನ್ನ ಹೇಳ್ಕೋತ ಅಡ್ಡಾಡಿದ್ರು."

ಸುದ್ದಿ ಬಂದು ನಾಲ್ಕು ವಾರವಾಗಿದ್ದರೂ ಪಾರವ್ವ ಅತ್ತಿರಲಿಲ್ಲ. ಈಗ ಅನ್ನದ ತಾಟನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಹಣೆಯಿಟ್ಟು ಅತ್ತಳು. ಸಿದ್ದಲಿಂಗಪ್ಪ ಎದ್ದು ಹತ್ತಿರ ಬಂದ. ಅವಳು ತಲೆ ಎತ್ತದೆ ಒಂದು ಕೈಯಿಂದ ಅವನನ್ನು ದೂಡಿದಳು. ಅವನು ಹಿಂದೆ ಸರಿದು ಅಲ್ಲಿಯೇ ನಿಂತ. ಅಳು ಮುಗಿಯುವವರೆಗೂ ನಿಂತಿದ್ದ.

ಸೋಮವಾರ ಬೆಳಿಗ್ಗೆ ಸಿದ್ದಲಿಂಗಪ್ಪ ಅಂಗಡಿಯ ಶಟರ್ ಎತ್ತಿ ಮೆಣಸಿನಕಾಯಿ ಚೀಲಗಳನ್ನು ಮುಂದಕ್ಕೆ ಎಳೆಯುತ್ತಿದ್ದಾಗ ಬಾಳಕೃಷ್ಣ ಬಂದ.

"ನಿನ್ನೆ ಮನೆಗೆ ಬೀಗ ಇತ್ತಲ್ಲ ಶೇಟ್. ಎಲ್ಲರೂ ಎಲ್ಲಿಗೆ?" ಎಂದ ಮರಾಠಿಯಲ್ಲಿ.

ಸಂಬಂಧಿಕರ ಮನೆಯ ಕಾರ್ಯ ಎಂದರೆ ಮುಗಿಯುತ್ತಿತ್ತು. ಆ ಮಾತು ಬಾಯಿಯವರೆಗೂ ಬಂದಿತ್ತು.

"ಕ್ಯಾಪ್ಟನ್ ತೀರಿಕೊಂಡರು. ದೌಂಡಿನಲ್ಲಿ. ಅಲ್ಲಿಗೆ ಹೋಗಿದ್ದೆವು."

"ಯಾವ ಕ್ಯಾಪ್ಟನ್?"

"ನಮ್ಮ ಮೇಲಿನ ಖೋಲಿಯವರು. ಕಲಕತ್ತೆಯಲ್ಲಿ ಹುಟ್ಟಿದವರು. ನೀವು ಚೀನೀ ಮನುಷ್ಯ ಎಂದಿರಿ, ನಾನು ಸುಳ್ಳು ಹೇಳಿ ಹೊರಗೆ ಹಾಕಿದೆ. ಮಾಡಬಾರದಿತ್ತು." ಪಕ್ಕದ ಕಿರಾಣಿಯವನೂ ತಿರುಗಿ ನೋಡಿದ. ಸಿದ್ದಲಿಂಗಪ್ಪನ ಕಿವಿ ಕೆಂಪಾಗಿದ್ದವು, ಆದರೆ ದನಿ ಇಳಿಸಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ಅದನ್ನು ಭಾಮಾಳಿಗೆ ಹೇಳಿದ. ಹಿತ್ತಿಲಲ್ಲಿ ಪಾರವ್ವ ತನ್ನ ರೊಟ್ಟಿ ತಾನೇ ಬಡಿಯುತ್ತಿದ್ದಳು. ಒಂದು ಕ್ಷಣ ಅವಳ ಕೈ ನಿಂತು ಮತ್ತೆ ಬಡಿಯತೊಡಗಿತು.

"ಬಾಳಕೃಷ್ಣ ಏನಂದ್ರು?" ಎಂದಳು ಭಾಮಾ.

"ಬ್ಯಾಡಗಿ ಅರ್ಧ ಕಿಲೋ ಕಟ್ಟು ಅಂದ."

"ನೀವೇನು ಮಾಡಿದ್ರಿ?"

"ಕಟ್ಟಿ ಕೊಟ್ಟೆ."